ಟೇಬಲ್ಲಿನ ನಾಲ್ಕನೇ ಕಾಲು

ನಮ್ಮ ವಿಶ್ವವಿದ್ಯಾಲಯದಲ್ಲಿ ಎಷ್ಟು ಬುದ್ಧಿ ಇದೆಯೋ ನಾನು ಕಾಣೆ. ಇದ್ದಬದ್ದದ್ದೆಲ್ಲ ಬೆಳಗಾಗುತ್ತಲೇ ನಮ್ಮ ಬೇಗಲ್ ಅಂಗಡಿಯ ಮುಂದೆ ಸಾಲಾಗಿ ಬಂದು ನಿಲ್ಲುತ್ತದೆ ಎಂಬುದನ್ನು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ಗೇಟಿನ ಎದುರಿಗೇ ನಮ್ಮ ಅಂಗಡಿ. ಒಳಗೆ ಓದಿದ್ದು ತಲೆಗೆ ಹತ್ತಬೇಕಾದರೆ ಹೊರಗೆ ನಾವು ಕೊಟ್ಟದ್ದು ಹೊಟ್ಟೆಗೆ ಇಳಿದಿರಬೇಕು. ಹೀಗೆ ನೋಡಿದರೆ ಅಲ್ಲಿಂದ ಹೊರಬಿದ್ದ ಪದವೀಧರರಲ್ಲಿ ಅರ್ಧ ಜನ ನನ್ನ ಶಿಷ್ಯರೇ.

ಬೇಗಲ್ ಎಂದರೇನೆಂದು ತಿಳಿಯದವರು ಇನ್ನೂ ಭೂಮಿಯ ಮೇಲೆ ಉಳಿದಿದ್ದಾರಂತೆ. ಅಂಥವರಿಗಾಗಿ ಹೇಳುತ್ತೇನೆ. ಅದು ಬ್ರೆಡ್ಡಿನ ಬಳೆ. ನಾದಿದ ಹಿಟ್ಟನ್ನು ಬಳೆಯ ಹಾಗೆ ಸುತ್ತಿ, ಕುದಿಯುವ ನೀರಿನಲ್ಲಿ ಮುಳುಗಿಸಿ ತೆಗೆದು, ಮೇಲೆ ಎಳ್ಳೋ ಗಸಗಸೆಯೋ ಈರುಳ್ಳಿಯೋ ಉದುರಿಸಿ ಒಲೆಯಲ್ಲಿ ಸುಡುವುದು. ಏನೂ ಉದುರಿಸದಿದ್ದರೆ ಸಾದಾ. ಬಿಸಿಯಾಗಿದ್ದಾಗ ಅದು ಮಗುವಿನ ಕೆನ್ನೆ, ಮಾರನೆಯ ದಿನ ಅತ್ತೆಯ ಮಾತು, ಆಮೇಲೆ ಬರೀ ಕಲ್ಲು. ಈ ಕೊನೆಯ ಗುಣವನ್ನು ದಯವಿಟ್ಟು ನೆನಪಿಡಿ. ಇಡೀ ಕಥೆ ಅದರ ಮೇಲೇ ನಿಂತಿದೆ.

ಅಂಗಡಿ ನನ್ನದಲ್ಲ, ಮಾವನದು. ಒಲೆ ನನ್ನ ಹೆಂಡತಿಯದು. ಹಿಟ್ಟು ನಾದುವುದು, ಸುತ್ತುವುದು, ಬೇಯಿಸುವುದು, ಸುಡುವುದು ಎಲ್ಲ ಅವಳೇ. ಗಲ್ಲಾ, ಗಿರಾಕಿ ಮತ್ತು ಗಾಂಭೀರ್ಯ ಈ ಮೂರು ನನ್ನ ಪಾಲಿನವು. ಮಾವ ಮಂಡಿ ಆಪರೇಷನ್ನಿಗೆ ಆಸ್ಪತ್ರೆ ಸೇರುವ ದಿನ ಇಬ್ಬರು ಅಳಿಯಂದಿರನ್ನೂ ಮಂಚದ ಬಳಿಗೆ ಕರೆದರು. ಇನ್ನೊಬ್ಬ ಅಳಿಯ ಎಂದರೆ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಕಾರ್ಖಾನೆಯ ಬ್ರೆಡ್ಡಿನ ಏಜೆಂಟು. ನಕ್ಕರೂ ಲಾಭದ ಲೆಕ್ಕ ಹಾಕಿ ನಗುವ ಮನುಷ್ಯ.

"ನಾನು ವಾಪಸ್ ಬರೋವರೆಗೂ ಅಂಗಡಿ ಚಿಕ್ಕಳಿಯಂದ್ರ ಕೈಲಿರುತ್ತೆ," ಎಂದರು ಮಾವ. "ಬಿಟ್ಟು ಹೋದ ಹಾಗೇ ಇದ್ರೆ ಬೀಗದ ಕೈ ಅವರಿಗೇ. ಒಂದು ಚಮಚ ಮುರಿದಿದ್ರೂ ದೊಡ್ಡಳಿಯಂದ್ರಿಗೆ."

ಷಡ್ಡಕ ಕೂಡಲೇ, "ನನ್ನ ಕೈಗೆ ಬಂದ್ರೆ ಮೊದಲು ಆ ಒಲೆ ಕೀಳಿಸ್ತೀನಿ ಮಾವ. ರೆಡಿಮೇಡ್ ಬ್ರೆಡ್ ತರಿಸಿದ್ರೆ ಆಯ್ತು. ನಾದೋದು ಯಾಕೆ, ಬೇಯಿಸೋದು ಯಾಕೆ!" ಎಂದ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಾನು ಮೀಸೆಯ ಮೇಲೆ ಕೈ ಹಾಕಿದೆ. ಮೀಸೆ ಇರಲಿಲ್ಲ, ಆದರೂ ಹಾಕಿದೆ.

ಮಾವ ಹೊರಡುವಾಗ ಮತ್ತೊಂದು ಮಾತು ಹೇಳಿದರು. "ಕಿಟಕಿ ಪಕ್ಕದ ನನ್ನ ಟೇಬಲ್ ಹುಷಾರು. ಅಲ್ಲಿ ಯಾರನ್ನೂ ಕೂರಿಸಬೇಡಿ."

ಅಂಗಡಿ ತೆರೆದ ದಿನದಿಂದಲೂ ಇರುವ ಟೇಬಲ್ ಅದು. ಉಳಿದ ಟೇಬಲ್‌ಗಳೆಲ್ಲ ಬೋಳು, ಅದಕ್ಕೆ ಮಾತ್ರ ನೆಲ ಮುಟ್ಟುವ ಹೊದಿಕೆ. ಅಲ್ಲಿ ಮಾವ ಒಬ್ಬರೇ ಕೂತು ಕಾಫಿ ಕುಡಿಯುತ್ತಿದ್ದರು. ಪ್ರತಿ ಶನಿವಾರ ಬಾಗಿಲು ಹಾಕಿಕೊಂಡು ತಾವೇ ಅದರ ಕೆಳಗೆ ತೂರಿ ಗುಡಿಸುತ್ತಿದ್ದರು. ಆಳನ್ನು ಬಿಡುತ್ತಿರಲಿಲ್ಲ. ದೊಡ್ಡವರಿಗೆ ಒಂದೊಂದು ಹುಚ್ಚು ಇರುತ್ತದೆ ಎಂದು ನಾವು ಸುಮ್ಮನಿದ್ದೆವು.

ಯಜಮಾನಿಕೆ ಸಿಕ್ಕ ಮೊದಲ ದಿನವೇ ನಾನು ಮಾಡಿದ ಮೊದಲ ಆಡಳಿತ ಕಾರ್ಯವೆಂದರೆ ನನ್ನ ಫೋಟೋಕ್ಕೆ ಕಟ್ಟು ಹಾಕಿಸಿದ್ದು. ಟೈ ಕಟ್ಟಿಕೊಂಡು, ಗದ್ದದ ಕೆಳಗೆ ಕೈ ಇಟ್ಟುಕೊಂಡು, ದೇಶದ ಭವಿಷ್ಯ ಯೋಚಿಸುತ್ತಿರುವ ಫೋಟೋ. ಅದನ್ನು ಮಾವ, ಮಾವನ ಮಾವ ಇಬ್ಬರ ಫೋಟೋಗಳ ಪಕ್ಕದಲ್ಲಿ, ಆ ಟೇಬಲ್ಲಿನ ಮೇಲಿನ ಗೋಡೆಗೆ ತೂಗುಹಾಕಬೇಕಿತ್ತು. ಏಣಿ ಒಳಗಿತ್ತು. ಟೇಬಲ್ ಎದುರಿಗಿತ್ತು. ಹತ್ತಿದೆ.

ಆಮೇಲೆ ನಡೆದದ್ದನ್ನು ಭೂಕಂಪ ಎಂದು ಕರೆಯುವುದೇ ಸರಿ. ಟೇಬಲ್ಲಿನ ಒಂದು ಮೂಲೆ ಧಡ್ಡೆಂದು ಕುಸಿಯಿತು. ನಾನು, ನನ್ನ ಫೋಟೋ, ಮೊಳೆ, ಸುತ್ತಿಗೆ ಬೇರೆಬೇರೆ ದಾರಿಯಲ್ಲಿ ನೆಲ ಸೇರಿದೆವು. ಹೊದಿಕೆ ಎತ್ತಿ ನೋಡುತ್ತೇನೆ, ನಾಲ್ಕನೇ ಕಾಲು ಒಂದು ಗೇಣಿನಷ್ಟು ಮೋಟು! ಮುರಿದ ತುಂಡಿಗಾಗಿ ಅಂಗಡಿಯನ್ನೆಲ್ಲ ಜಾಲಾಡಿದೆ. ಗ್ರೈಂಡರಿನ ಕೆಳಗೆ ನೋಡಿದೆ, ನನ್ನ ಜೇಬನ್ನೂ ನೋಡಿಕೊಂಡೆ. ಸಿಗಲಿಲ್ಲ. ಸಿಕ್ಕಿದ್ದೆಂದರೆ ಟೇಬಲ್ಲಿನ ಕೆಳಗೆ ಚೆಲ್ಲಾಪಿಲ್ಲಿಯಾಗಿದ್ದ ಕಪ್ಪು ಬಳೆಯಂಥ ಏನೇನೋ ಚೂರು. ಹಳೇ ರಬ್ಬರಿರಬೇಕೆಂದು ಗುಡಿಸಿ ಕಸದ ಬುಟ್ಟಿಗೆ ಹಾಕಿದೆ.

ಸದ್ದಿಗೆ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮೋಟು ಕಾಲನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಾಪ, ದುಃಖ ಎಂದುಕೊಂಡೆ.

"ಅಳಬೇಡ್ವೇ, ನಾನಿದೀನಿ," ಎಂದೆ.

"ನೀವಿದೀರಲ್ಲ ಅಂತಲೇ ರೀ," ಎಂದಳು.

ಬಡಗಿಯನ್ನು ಕರೆಸುವಂತಿರಲಿಲ್ಲ. ಆತ ಷಡ್ಡಕನ ದೋಸ್ತ. ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಇಂಥ ಮಿಂಚು ನೂರು ವರ್ಷಕ್ಕೊಬ್ಬನಿಗೆ ಹೊಡೆಯುತ್ತದೆ, ಅವನೂ ಸಾಮಾನ್ಯವಾಗಿ ಬದುಕುವುದಿಲ್ಲ. ಮೂಲೆಯ ಡಬ್ಬದಲ್ಲಿ ಮಾರಾಟವಾಗದೆ ಉಳಿದ ಬೇಗಲ್‌ಗಳಿದ್ದವು. ಒಂದನ್ನು ಗೋಡೆಗೆ ಕುಟ್ಟಿದೆ. ಗೋಡೆಯ ಸುಣ್ಣ ಉದುರಿತು, ಬೇಗಲ್ ಹಾಗೇ ಇತ್ತು. ಒಂದರ ಮೇಲೊಂದು ಪೇರಿಸಿ ಕಂಬ ಮಾಡಿದೆ. ಮೋಟು ಕಾಲಿನ ತುದಿ ಮೇಲಿನ ಬೇಗಲ್ಲಿನ ತೂತಿನೊಳಗೆ, ಬೆರಳಿಗೆ ಅಳತೆ ಕೊಟ್ಟು ಮಾಡಿಸಿದ ಉಂಗುರದ ಹಾಗೆ, ಗಪ್ಪನೆ ಕೂತಿತು! ಟೇಬಲ್ ನೆಟ್ಟಗೆ ನಿಂತಿತು.

"ನೋಡಿದ್ಯಾ! ಎಲ್ಲಾದರೂ ಕೇಳಿದೀಯಾ ಇಂಥದ್ದು? ವಿಶ್ವವಿದ್ಯಾಲಯದೋರು ಬಂದು ಕಲೀಬೇಕು!"

"ಎಳ್ಳಿಂದು ತೆಗೀರಿ," ಎಂದಳು ಹೆಂಡತಿ. "ಸಾದಾದ್ದು ಹಾಕಿ."

ನನ್ನಂಥ ಸಂಶೋಧಕನ ಪಕ್ಕದಲ್ಲಿ ನಿಂತು ಎಳ್ಳು ಉಳಿಸುವ ಯೋಚನೆ! ಹೆಂಗಸರ ಬುದ್ಧಿ ಎಂದು ಮರುಗಿ ಸಾದಾದ್ದನ್ನೇ ಹಾಕಿದೆ.

ಇನ್ನು ಯಾರೂ ಆ ಟೇಬಲ್ಲಿಗೆ ಮೊಣಕೈ ಊರದ ಹಾಗೆ ನೋಡಿಕೊಳ್ಳಬೇಕಿತ್ತು. ಮಾವ ಇದ್ದಾಗ ಅವರ ಹುಬ್ಬೇ ಸಾಕಿತ್ತು. ನನ್ನ ಹುಬ್ಬಿಗೆ ವಿದ್ಯಾರ್ಥಿಗಳು ಹೆದರುವುದಿಲ್ಲ. ಉಗ್ರಾಣದಲ್ಲಿ ಹುಡುಕುವಾಗ ಮೈದಾ ಮೂಟೆಗಳ ಹಿಂದೆ ಧೂಳು ಹಿಡಿದ ಒಂದು ಬೋರ್ಡು ಸಿಕ್ಕಿತು: 'ಕಾಯ್ದಿರಿಸಲಾಗಿದೆ'. ಸಾಲಿನಲ್ಲಿ ನಿಂತು, ಕಾಗದದಲ್ಲಿ ಸುತ್ತಿಸಿಕೊಂಡು, ನಿಂತೇ ತಿಂದು ಓಡುವ ಇಂಥ ಅಂಗಡಿಗೆ ಆ ಬೋರ್ಡು ಯಾಕೆ ಬಂತೋ! ದೇವರೇ ಕಳಿಸಿದ ಎಂದು ಒರೆಸಿ ಟೇಬಲ್ಲಿನ ಮೇಲಿಟ್ಟೆ.

ಮೊದಲು ಎಡವಿದವರು ತತ್ವಶಾಸ್ತ್ರದ ಮೇಷ್ಟ್ರು. ಗಸಗಸೆ ಬೇಗಲ್ ಕೈಯಲ್ಲಿ ಹಿಡಿದು, ಇರುವ ಒಂದೇ ಖಾಲಿ ಟೇಬಲ್ಲಿನ ಕಡೆ ನಡೆದವರು ಬೋರ್ಡಿನ ಮುಂದೆ ಗಕ್ಕನೆ ನಿಂತರು.

"ಯಾರಿಗ್ರೀ ಇದು?"

ನಾನು ಏನೆಂದು ಹೇಳಲಿ? "ಅದನ್ನ ಹೇಳೋ ಹಾಗಿಲ್ಲ ಮೇಷ್ಟ್ರೇ," ಎಂದೆ.

"ದೊಡ್ಡವರಾ?"

"ದೊಡ್ಡವರೇ." ಮಾವ ನಿಜಕ್ಕೂ ದೊಡ್ಡ ಆಳು. ಆಸ್ಪತ್ರೆಯ ಮಂಚ ಸಾಲದೆ ಕಾಲು ಹೊರಗಿತ್ತು.

"ಯಾವಾಗ ಬರ್ತಾರೆ?"

"ಇವತ್ತೂ ಬರಬಹುದು, ತಿಂಗಳೂ ಆಗಬಹುದು."

ಮೇಷ್ಟ್ರು ಬೇಗಲ್ ಕಚ್ಚುವುದನ್ನೇ ಮರೆತರು. ನಾನು ಮರೆತಿದ್ದ ಸಂಗತಿ ಒಂದಿತ್ತು. ಆ ಹೊತ್ತಿಗೆ ವಿಶ್ವವಿದ್ಯಾಲಯದಲ್ಲಿ ಕುಲಪತಿಯ ಕುರ್ಚಿ ಖಾಲಿ ಬಿದ್ದಿತ್ತು. ಹೊಸಬರು ಯಾರು, ಒಳಗಿನವರೋ ಹೊರಗಿನವರೋ, ಯಾವಾಗ ಬರುತ್ತಾರೋ ತಿಳಿಯದೆ ಗೇಟಿನ ಒಳಗಿನ ಜಗತ್ತು ಚಾಪೆಯ ಮೇಲೆ ಇರುವೆ ಬಿಟ್ಟ ಹಾಗೆ ಮಿಸುಕಾಡುತ್ತಿತ್ತು. ಅಂಥ ಕಾಲದಲ್ಲಿ ಎಂದೂ ಇಲ್ಲದ ಬೋರ್ಡು ಎಂದೂ ಇಲ್ಲದ ಜಾಗದಲ್ಲಿ!

ಮಧ್ಯಾಹ್ನಕ್ಕೆ ಅರ್ಥಶಾಸ್ತ್ರದ ಮೇಡಂ ಬಂದರು. ಅವರಿಗೂ ಮೇಷ್ಟ್ರಿಗೂ ಎಣ್ಣೆ ಸೀಗೆಕಾಯಿ. ಕೌಂಟರಿಗೆ ಬಗ್ಗಿ ಪಿಸುಗುಟ್ಟಿದರು. "ನಿಜ ಹೇಳಿ. ಆ ತತ್ವಶಾಸ್ತ್ರದೋನಿಗಲ್ಲ ತಾನೇ?"

"ಅವರಿಗಲ್ಲ ಮೇಡಂ."

"ಮತ್ತೆ ನನಗಾ?"

"ಅದೂ ಅಲ್ಲ..." ಎನ್ನುವಷ್ಟರಲ್ಲಿ ಅವರ ಮುಖ ನೋಡಿ ಕರುಳು ಚುರುಕ್ಕೆಂದಿತು. ನನಗೆ ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲ. "ಅಲ್ಲ ಅಂತಲೂ ನಾನು ಹೇಳಲಾರೆ," ಎಂದು ಸೇರಿಸಿದೆ. ಇದನ್ನೇ ಮರುದಿನ ಮೇಷ್ಟ್ರಿಗೂ ಹೇಳಿದೆ. ಪಕ್ಷಪಾತ ನನ್ನ ರಕ್ತದಲ್ಲೇ ಇಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಮೇಷ್ಟ್ರು ಇಸ್ತ್ರಿ ಕೋಟು ಹಾಕಿಕೊಂಡು ಬರತೊಡಗಿದರು. ಮೇಡಂ ತಮ್ಮ ಪ್ರಾಣಕ್ಕಿಂತ ಪ್ರಿಯವಾದ ಈರುಳ್ಳಿ ಬೇಗಲ್ ಬಿಟ್ಟುಬಿಟ್ಟರು, ಹೊಸ ಕುಲಪತಿ ಹಠಾತ್ತನೆ ಎದುರಾದರೆ ಬಾಯಿ ವಾಸನೆ ಬರಬಾರದಲ್ಲ! ಇಬ್ಬರೂ ಪಾಠ ಮುಗಿಸಿ ಬಂದು ನಮ್ಮಲ್ಲಿ ಕೂರುವುದು, ಬಾಗಿಲು ಕಿರ್ರೆಂದರೆ ಎದ್ದು ನಿಲ್ಲುವುದು, ಹಾಲಿನವನೆಂದು ತಿಳಿದು ಕೂರುವುದು. ದಿನಕ್ಕೆ ಎಷ್ಟು ಸಲ ಎದ್ದರೆಂದರೆ ಮೇಷ್ಟ್ರ ಸೊಂಟ ನೋವು ವಾಸಿಯಾಯಿತು. ಹಾಲಿನವನಿಗೆ ಮಾತ್ರ ಗರ್ವ ಬಂತು. ಮರುದಿನದಿಂದ ಕ್ಯಾನು ತಾನು ಹೊರುವುದಿಲ್ಲ, ಇನ್ನೊಬ್ಬರು ಹೊರಲಿ ಎಂದ.

ವಿದ್ಯಾರ್ಥಿಗಳು ಸರದಿ ಹಾಕಿಕೊಂಡು ಬಾಗಿಲು ಕಾದರು. ತೋಟದ ಮಾಲಿ ಯಾರೂ ಹೇಳದೆ ಒಂದು ಹೂಕುಂಡ ತಂದು ಟೇಬಲ್ಲಿನ ಮೇಲಿಟ್ಟ. ಕುಂಡದ ಭಾರಕ್ಕೆ ಹೊದಿಕೆಯ ಒಳಗಿಂದ 'ಕಟುಕ್' ಎಂಬ ಸದ್ದು ಬಂತು. ನನ್ನ ಎದೆಯಲ್ಲೂ ಅದೇ ಸದ್ದು. ಓಡಿಹೋಗಿ ಕುಂಡ ಎತ್ತಿದೆ.

"ಯಾಕ್ರೀ, ಹೂ ಇಷ್ಟ ಇಲ್ವಾ ಅವರಿಗೆ?" ಎಂದರು ಮೇಡಂ.

"ಭಾರ ಇಷ್ಟ ಇಲ್ಲ," ಎಂದೆ.

"ಸರಳ ಜೀವಿ!" ಎಂದು ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ಸಂಜೆಯೊಳಗೆ ಹೊಸ ಕುಲಪತಿ ಸರಳ ಜೀವಿಯೆಂಬ ಸುದ್ದಿ ಹಬ್ಬಿ, ವಿಶ್ವವಿದ್ಯಾಲಯದ ಮೊಗಸಾಲೆಯಲ್ಲಿದ್ದ ದೊಡ್ಡ ಕುಂಡಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದರಂತೆ.

ಇತ್ತ ಮಾವ ದಿನ ಬೆಳಗಾದರೆ ಫೋನು. "ಟೇಬಲ್ ಹೇಗಿದೆ?"

"ಕಲ್ಲಿನ ಹಾಗಿದೆ ಮಾವ." ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

"ಯಾರೂ ಕೂತಿಲ್ಲ ತಾನೆ?"

"ನೊಣ ಕೂಡ ಕೂತಿಲ್ಲ."

ಷಡ್ಡಕನೂ ಸುಮ್ಮನೆ ಇರುವವನಲ್ಲ. ವಾರಕ್ಕೆರಡು ಸಲ ಬಂದು ಚೀಸ್ ಹೆಚ್ಚುವ ಯಂತ್ರ ಮುಟ್ಟಿ, ಚಮಚ ಎಣಿಸಿ, ಒಲೆಯ ಉದ್ದಗಲವನ್ನು ಗೇಣಿನಲ್ಲಿ ಅಳೆದು ಹೋಗುತ್ತಿದ್ದ. ಅವನು ಅಳೆಯುವಾಗ ನನ್ನ ಹೆಂಡತಿ ಹಿಟ್ಟನ್ನು ಎತ್ತಿ ಎತ್ತಿ ಹಲಗೆಗೆ ಬಡಿಯುತ್ತಿದ್ದಳು. ಹಿಟ್ಟು ಹಿಟ್ಟೇ ಆಗಿತ್ತು, ಆದರೆ ಪೆಟ್ಟು ಯಾರಿಗೆಂದು ಮೂವರಿಗೂ ಗೊತ್ತಿತ್ತು.

"ಆ ಬೋರ್ಡ್ ಯಾಕೆ?" ಎಂದ ಒಂದು ದಿನ.

"ಗಿರಾಕಿಗಳು ದೊಡ್ಡವರಾಗ್ತಿದಾರೆ ಭಾವ. ನಾನು ಬಂದ ಮೇಲೆ ಅಂಗಡಿ ಮಟ್ಟ ಏರಿದೆ."

ಅವನು ಟೇಬಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹೊದಿಕೆಗೆ ಕೈ ಹಾಕುವಷ್ಟರಲ್ಲಿ ಮೇಷ್ಟ್ರು ಮತ್ತು ಮೇಡಂ, ಜನ್ಮದಲ್ಲಿ ಮೊದಲ ಸಲ ಒಂದೇ ದನಿಯಲ್ಲಿ, "ಮುಟ್ಟಬೇಡಿ!" ಎಂದು ಕಿರುಚಿದರು. ಷಡ್ಡಕ ಹಿಂದೆ ಸರಿದ. ಆದರೆ ಮೂಗು ಸರಿಯಲಿಲ್ಲ. ಏನೋ ವಾಸನೆ ಹಿಡಿದೇ ಹೊರಟ.

ಹಿಡಿದ ವಾಸನೆ ಎಲ್ಲಿಗೆ ಮುಟ್ಟಿತೆಂದರೆ, ಸೋಮವಾರ ಬೆಳಿಗ್ಗೆ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಅವನು ಡಾಕ್ಟರ ಮಾತನ್ನೂ ಮೀರಿ ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದುಬಿಟ್ಟ. ಬಾಗಿಲು ಕಾಯುತ್ತಿದ್ದ ಹುಡುಗರು ಕಾರು ಕಂಡರು, ಊರುಗೋಲು ಕಂಡರು. "ಬಂದ್ರು! ಬಂದ್ರು!" ಎಂದು ಕೂಗಿದರು. ಒಳಗಿದ್ದವರೆಲ್ಲ ಎದ್ದು ನಿಂತರು. ಮಾವ ಜನರ ನಡುವೆ ದಾರಿ ಬಿಡಿಸಿಕೊಂಡು, ನೆಟ್ಟಗೆ ನಡೆದು, ಬೋರ್ಡನ್ನು ಒಂದು ಕೈಯಲ್ಲಿ ಸರಿಸಿ, ಆಪರೇಷನ್ನಾದ ಕಾಲನ್ನು ಕೋಲಿನಂತೆ ಮುಂದಕ್ಕೆ ಚಾಚಿ ಆ ಟೇಬಲ್ಲಿನ ಕುರ್ಚಿಯಲ್ಲಿ ಕೂತೇ ಬಿಟ್ಟರು.

ಎದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು.

ಇಲ್ಲಿ ನೀವು, 'ಮೇಷ್ಟ್ರಿಗೆ ಮೇಡಂಗೆ ಮಾವನ ಗುರುತಿಲ್ಲವೇ, ದಿನಾ ನೋಡುವ ಮುಖವಲ್ಲವೇ' ಎಂದು ಕೇಳಬಹುದು. ಗುರುತಿತ್ತು. ಆದರೆ ಇಷ್ಟು ದಿನ ಎದ್ದು ಕೂತು, ಎದ್ದು ಕೂತು, ಈರುಳ್ಳಿ ಬಿಟ್ಟು ಕಾದವರು ಒಂದು ಮುಖ ನೋಡಿ ನಂಬಿಕೆ ಬಿಡುತ್ತಾರೆಯೇ? ಕುರ್ಚಿ ಕುಲಪತಿಯದು, ಕೂತವರು ಇವರು, ಹಾಗಾದರೆ ಇವರೇ! ಮೇಡಂ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ದಿನವೂ ಹೊಸದಾಗಿ ಕೊಂಡು ದಿನವೂ ಬಾಡಿಸುತ್ತಿದ್ದ ಹೂಗುಚ್ಛವನ್ನು ಮಾವನ ಕೈಗಿಟ್ಟರು.

"ನಾನು ಮೊದಲಿಂದಲೂ ಹೇಳ್ತಿದ್ದೆ ಸಾರ್, ಒಲೆ ಮುಂದೆ ನಿಂತು ಬೆವರು ಸುರಿಸಿದವರೇ ಬರಬೇಕು ಅಂತ!"

ಮಾವನ ಕಣ್ಣು ಒದ್ದೆಯಾಯಿತು. "ಒಂದು ಮಂಡಿಗೆ ಇಷ್ಟೊಂದು ಗೌರವಾನಾ! ಕೂತ್ಕೊಳ್ಳಿ ತಾಯಿ, ಕೂತ್ಕೊಳ್ಳಿ."

ಮೇಷ್ಟ್ರು ಮೇಡಂ ಅವರನ್ನು ಭುಜದಿಂದ ಒತ್ತರಿಸಿ ಮುಂದೆ ಬಂದರು. "ತಾವು ಇಡೋ ಮೊದಲ ಹೆಜ್ಜೆ ಯಾವುದು ಸಾರ್?"

"ಎಡಗಾಲು," ಎಂದರು ಮಾವ ಗಂಭೀರವಾಗಿ. "ಡಾಕ್ಟ್ರು ಖಂಡಿತವಾಗಿ ಹೇಳಿದಾರೆ. ಬಲಗಾಲಿನ ಮೇಲೆ ಭಾರ ಹಾಕೋ ಹಾಗೇ ಇಲ್ಲ."

ಮೇಷ್ಟ್ರು ಇದನ್ನು ಮನಸ್ಸಿನಲ್ಲೇ ವ್ಯಾಖ್ಯಾನ ಮಾಡುತ್ತ ನಿಂತರು.

ನನಗೆ ಇದಾವುದೂ ಕೇಳಿಸುತ್ತಿರಲಿಲ್ಲ. ನನ್ನ ಕಣ್ಣು ಮಾವನ ಮೊಣಕೈ ಮೇಲಿತ್ತು. ಟೇಬಲ್ಲಿನ ಮೇಲೆ ಊರಿದ ಆ ಮೊಣಕೈ! ಒಂದೇ ಒಂದು ಸಮಾಧಾನವೆಂದರೆ ಮಾವನ ಮಂಡಿ ಬಗ್ಗುವುದಿಲ್ಲ. ಅವರು ಕೆಳಗೆ ನೋಡಲಾರರು. ದೇವರು ಇದ್ದಾನೆ, ಅವನು ಮೂಳೆ ಡಾಕ್ಟರ ರೂಪದಲ್ಲಿ ಬರುತ್ತಾನೆ ಎಂದುಕೊಂಡೆ.

ಷಡ್ಡಕನ ಮಂಡಿಗಳು ಮಾತ್ರ ಬಹಳ ಚೆನ್ನಾಗಿದ್ದವು.

ಅವನು ನೆಲಕ್ಕೆ ಕುಕ್ಕರಿಸಿ, ಹೊದಿಕೆ ಎತ್ತಿ, ತಲೆ ಒಳಗೆ ತೂರಿಸಿದ. ಒಳಗಿಂದ ಗೆದ್ದವನ ಕೂಗು ಬಂತು. "ಮಾವಾ! ಕಾಲೇ ಇಲ್ಲ!"

"ಇದೆಯಪ್ಪ, ಬಗ್ಗಲ್ಲ ಅಷ್ಟೇ," ಎಂದರು ಮಾವ.

"ನಿಮ್ಮದಲ್ಲ ಮಾವ, ಟೇಬಲ್‌ದು! ಇವನು ಕಾಲು ಮುರಿದು ಬೇಗಲ್ ಪೇರಿಸಿದಾನೆ! ನೋಡಿ ಬೇಕಾದ್ರೆ, ಸಾಕ್ಷಿ ಸಮೇತ ಕೊಡ್ತೀನಿ!"

ಕೊಟ್ಟ. ಕಂಬದ ನಡುವಿನಿಂದ ಒಂದು ಬೇಗಲ್ಲನ್ನು ಎಳೆದು ಕೊಟ್ಟ. ಅಷ್ಟು ದಿನ ಯಾರ ತಂಟೆಗೂ ಹೋಗದೆ ನಿಂತಿದ್ದ ಟೇಬಲ್ ಧಡ್ಡೆಂದು ಮಗುಚಿತು. ಹೂಗುಚ್ಛ ಮೇಷ್ಟ್ರ ಮೇಲೆ, ಮೇಷ್ಟ್ರ ಕೈಯಲ್ಲಿದ್ದ ಕಾಫಿ ಮೇಡಂ ಮೇಲೆ, ಟೇಬಲ್ ಷಡ್ಡಕನ ಬೆನ್ನಿನ ಮೇಲೆ. ಉಳಿದ ಬೇಗಲ್‌ಗಳು ಉರುಳಿ, ಒಂದು ಬಾಗಿಲು ದಾಟಿ, ರಸ್ತೆ ದಾಟಿ, ವಿಶ್ವವಿದ್ಯಾಲಯದ ಗೇಟಿನೊಳಗೆ ಹೋಯಿತು. ನಮ್ಮ ಮನೆತನದಿಂದ ಉನ್ನತ ಶಿಕ್ಷಣಕ್ಕೆ ಹೋದದ್ದು ಅದೊಂದೇ.

ಒಲೆಯ ಕೋಣೆಯ ಬಾಗಿಲಲ್ಲಿ ನನ್ನ ಹೆಂಡತಿ ಬಂದು ನಿಂತಳು. ಅವಳ ಕೈಯಲ್ಲಿ ಸುತ್ತಬೇಕಿದ್ದ ಹಿಟ್ಟು ಹಾಗೇ ಜೋಲುತ್ತಿತ್ತು. ಒಲೆ ಉಳಿಯುತ್ತದೆಯೋ ಹೋಗುತ್ತದೆಯೋ, ಈಗ ಮಾವನ ಬಾಯಲ್ಲಿತ್ತು.

ಮಾವ ಷಡ್ಡಕನ ಕೈಯಿಂದ ಆ ಬೇಗಲ್ ತೆಗೆದುಕೊಂಡರು. ತಿರುಗಿಸಿ ನೋಡಿದರು. ಊರುಗೋಲಿಗೆ ಕುಟ್ಟಿದರು. ಊರುಗೋಲು ಸೀಳಿಹೋಯಿತು.

"ದೊಡ್ಡಳಿಯಂದ್ರೇ," ಎಂದರು, "ನಾನು ಬಂದಾಗ ಟೇಬಲ್ ನಿಂತಿತ್ತಾ, ಬಿದ್ದಿತ್ತಾ?"

"ನಿಂತಿತ್ತು ಮಾವ, ಆದ್ರೆ ಬೇಗಲ್ ಮೇಲೆ..."

"ಯಾತರ ಮೇಲಾದ್ರೂ ಇರ್ಲಿ. ನಿಂತಿತ್ತೋ ಇಲ್ವೋ? ಬೀಳಿಸಿದ್ದು ಯಾರು?"

"ಗಹನವಾದ ಪ್ರಶ್ನೆ," ಎಂದರು ಹೂವು ಕೊಡವಿಕೊಳ್ಳುತ್ತ ತತ್ವಶಾಸ್ತ್ರದ ಮೇಷ್ಟ್ರು. ಬಾಗಿಲಲ್ಲಿದ್ದ ಹುಡುಗರು ಒಟ್ಟಾಗಿ ಷಡ್ಡಕನ ಕಡೆ ಬೆರಳು ತೋರಿಸಿದರು. ಮೇಡಂ ಸೆರಗು ಹಿಂಡಿಕೊಂಡು, "ನಷ್ಟ ಇವರಿಂದಲೇ ಆದದ್ದು" ಎಂದು ತೀರ್ಪು ಕೊಟ್ಟರು, ಮತ್ತು ಮೊದಲು ಮಾಡಿದ ಕೆಲಸವೆಂದರೆ ಒಂದು ಈರುಳ್ಳಿ ಬೇಗಲ್ ಕೇಳಿದ್ದು.

ಬೀಗದ ಕೈ ಅಲ್ಲೇ, ಅಷ್ಟು ಜನರ ಎದುರಿಗೆ, ನನ್ನ ಅಂಗೈಗೆ ಬಂತು. ಹೆಂಡತಿ ಜೋಲುತ್ತಿದ್ದ ಹಿಟ್ಟನ್ನು ಸುತ್ತಿ ಬಳೆ ಮಾಡಿ ಒಳಗೆ ನಡೆದಳು.

ಗಿರಾಕಿಗಳು ಕರಗಿದ ಮೇಲೆ ಮಾವ ನನ್ನನ್ನು ಹತ್ತಿರ ಕರೆದರು. ನಾನು ಎದೆಯುಬ್ಬಿಸಿ, ಜಗತ್ತಿನಲ್ಲಿ ಯಾರೂ ಮಾಡದ ನನ್ನ ಸಂಶೋಧನೆಯನ್ನು ವಿವರಿಸಲು ಬಾಯಿ ತೆರೆದೆ.

"ಮುರಿದ ತುಂಡು ಹುಡುಕಿದ್ರಾ ಅಳಿಯಂದ್ರೇ?" ಎಂದರು ಅವರೇ ಮೊದಲು.

"ಬಹಳ ಹುಡುಕಿದೆ ಮಾವ. ಎಲ್ಲೂ ಸಿಗಲಿಲ್ಲ."

"ಹೇಗೆ ಸಿಗುತ್ತೆ? ನಿಮ್ಮ ಹೆಂಡತಿ ಹುಟ್ಟೋಕೆ ಮುಂಚೆನೇ ಅದನ್ನ ಒಲೆಗೆ ಹಾಕಿದೀನಿ."

ನಾನು ತೆರೆದ ಬಾಯಿ ತೆರೆದೇ ಇತ್ತು.

"ಅಂಗಡಿ ತೆರೆದ ಮಾರನೇ ದಿನ ನಮ್ಮ ಮಾವನ ಫೋಟೋ ಹಾಕಕ್ಕೆ ಅದರ ಮೇಲೆ ಹತ್ತಿದ್ದೆ. ಬೋರ್ಡು ಎಲ್ಲಿ ಸಿಕ್ತು, ಮೈದಾ ಮೂಟೆ ಹಿಂದೆ ತಾನೆ? ನಾನೇ ಇಟ್ಟಿದ್ದು. ಸಾದಾದ್ದೇ ಹಾಕಿದೀರಿ, ಒಳ್ಳೇದು ಮಾಡಿದ್ರಿ. ಎಳ್ಳಿಂದು ಹಾಕಿದ್ರೆ ಇಲಿ ಬರುತ್ತೆ. ಒಂದು ಸಲ ಬಂದು ನಾಲ್ಕನೇ ಕಾಲು ಪೂರ್ತಿ ತಿಂದುಹಾಕಿತ್ತು."

ನಾನು ತಿರುಗಿ ಹೆಂಡತಿಯನ್ನು ನೋಡಿದೆ. ಅವಳು ತಲೆ ಎತ್ತದೆ ಹಿಟ್ಟು ನಾದುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

"ಶನಿವಾರ ಶನಿವಾರ ಗಟ್ಟಿಯಾದದ್ದು ಆರಿಸಿ ಅಪ್ಪಂಗೆ ಕೊಡ್ತಿದ್ದೋಳು ನಾನೇ ರೀ."

"ಮತ್ತೆ ಬಾಯಿ ಬಿಡಬಾರದಿತ್ತಾ?"

"ನಾನು ಕಂಡುಹಿಡಿದೆ, ನಾನು ಕಂಡುಹಿಡಿದೆ ಅಂತ ಅಷ್ಟು ಕುಣೀತಿದ್ರಿ. ನಾನ್ಯಾಕೆ ಹಾಳು ಮಾಡಲಿ?"

ಕುಲಪತಿಯಾಗಿ ಆಮೇಲೆ ಬೇರೆ ಕಡೆಯಿಂದ ಯಾರೋ ಬಂದರು. ಒಳ್ಳೆಯವರೇ, ಆದರೆ ಪಾರ್ಸಲ್ ಗಿರಾಕಿ. ಒಂದು ದಿನವೂ ಕೂತದ್ದಿಲ್ಲ. ಮೇಷ್ಟ್ರು ಕೋಟು ಬಿಟ್ಟರು, ಸೊಂಟ ನೋವು ವಾಪಸು ಬಂತು.

ಟೇಬಲ್ ಮತ್ತೆ ಕಿಟಕಿಯ ಪಕ್ಕದಲ್ಲೇ ಇದೆ, ಹೊದಿಕೆ ನೆಲ ಮುಟ್ಟುತ್ತಿದೆ. ಶನಿವಾರ ಬಾಗಿಲು ಹಾಕಿಕೊಂಡು ಅದರ ಕೆಳಗೆ ತೂರುವವನು ಈಗ ನಾನು. ನನ್ನ ಮಗಳಿಗೆ ಈಗಿನ್ನೂ ಹಾಲುಹಲ್ಲು. ಮುಂದೆ ಎಂದಾದರೂ ಒಬ್ಬ ಅಳಿಯ ಬರುತ್ತಾನೆ, ಟೈ ಕಟ್ಟಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾನೆ. ಅವನಿಗಾಗಿ ಗೋಡೆಯ ಮೇಲೆ, ನನ್ನ ಫೋಟೋದ ಪಕ್ಕದಲ್ಲಿ, ಒಂದು ಮೊಳೆ ಈಗಲೇ ಹೊಡೆದಿಟ್ಟಿದ್ದೇನೆ. ಸ್ವಲ್ಪ ಎತ್ತರಕ್ಕೇ ಹೊಡೆದಿದ್ದೇನೆ. ಏಣಿಯನ್ನು ಮಾರಿಬಿಟ್ಟೆ.